ಹಿಮ ನೋಡುವ ಟೂರಿಗೆ ನಾನು ಹೆಸರು ಕೊಟ್ಟಿಲ್ಲ

ನೋಟಿಸ್ ಬೋರ್ಡಿನ ಪಕ್ಕ ಅಂಟಿಸಿರುವ ಹಾಳೆಯನ್ನು ನೀವೆಲ್ಲ ನೋಡಿದ್ದೀರಿ. ಡಿಸೆಂಬರ್ ಕೊನೆಯ ವಾರ, 9 ದಿನ, ದೆಹಲಿ, ಆಗ್ರಾ, ಶ್ರೀನಗರ, ಗುಲ್ಮಾರ್ಗ್. ತಲೆಗೆ 21,500 ರೂಪಾಯಿ. ಕೆಳಗೆ ಹೆಸರು ಬರೆಯಲು ಗೆರೆ ಎಳೆದಿದ್ದಾರೆ. ನಾನು ಇದನ್ನು ಬರೆಯುವ ಹೊತ್ತಿಗೆ 23 ಹೆಸರು ಬಂದಿವೆ, ಹುಡುಗಿಯರು 4 ಜನ. ನನ್ನ ಹೆಸರು ಇಲ್ಲ. "ದುಡ್ಡಿಲ್ಲ, ಅದಕ್ಕೇ" ಎಂದು ಒಬ್ಬಳು ಹೇಳಿದಳಂತೆ. ಅದೂ ನಿಜವೇ. ಆದರೆ ಅದೊಂದೇ ಕಾರಣವಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ, ಪತ್ರಿಕೆಗೆ ಬರೆಯುತ್ತಿರಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನನಗೂ ಹಿಮ ನೋಡುವ ಆಸೆ ಇದೆ. ಚಿಕ್ಕವಳಿದ್ದಾಗ ಫ್ರಿಜ್ಜಿನ ಒಳಗಿನ ಬಿಳಿ ಪುಡಿಯನ್ನು ಚಮಚದಲ್ಲಿ ಕೆರೆದು ತಮ್ಮನ ತಲೆ ಮೇಲೆ ಸುರಿದು ಅಮ್ಮಿಯಿಂದ ಏಟು ತಿಂದಿದ್ದೇನೆ. ನಮ್ಮ ಮನೆಯ ಉರ್ದುವಿನಲ್ಲಿ ಅದೂ ಬರ್ಫ್, ಗೋಲಾ ಗಾಡಿಯವನು ಉಜ್ಜುವುದೂ ಬರ್ಫ್, ಆಕಾಶದಿಂದ ಬೀಳುವುದೂ ಬರ್ಫ್. ಕನ್ನಡದಲ್ಲಿ ಇದಕ್ಕಿಂತ ಗೊಂದಲ. ಬೆಳಿಗ್ಗೆ ರಸ್ತೆ ಕಾಣದಂತೆ ಮುಚ್ಚುವುದು ಮಂಜು, ಹುಲ್ಲಿನ ಮೇಲೆ ಕೂರುವ ಹನಿಯೂ ಕೆಲವರಿಗೆ ಮಂಜು, ಹಿಮಾಲಯದಲ್ಲಿ ಬೀಳುವುದೂ ಮಂಜು. ನಮ್ಮ ಜಿಲ್ಲೆಯಲ್ಲಂತೂ ಹೆಸರಿನಲ್ಲೇ ಹಿಮ ಇಟ್ಟುಕೊಂಡ ಬೆಟ್ಟ ಇದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟ, 1,454 ಮೀಟರ್ ಎತ್ತರ, ಬಂಡೀಪುರದ ಕಾಡಿನ ಒಳಗೆ. ಅಲ್ಲಿ ಬೀಳುವುದು ಹಿಮವಲ್ಲ, ಬರೀ ಮಂಜು. ಆದರೂ ರೀಲ್ಸ್‌ನಲ್ಲಿ "ಕರ್ನಾಟಕದ ಸ್ನೋ" ಎಂದು ಬರುತ್ತದೆ. ಊಟಿಯದೂ ಇದೇ ಕಥೆ. ಡಿಸೆಂಬರ್, ಜನವರಿಯಲ್ಲಿ ಅಲ್ಲಿನ ಹುಲ್ಲುಗಾವಲು ಬೆಳ್ಳಗಾಗುವುದು ರಾತ್ರಿಯ ಇಬ್ಬನಿ ಹೆಪ್ಪುಗಟ್ಟಿ, ಬಿಸಿಲು ಬಂದ ಮೇಲೆ ಉಳಿಯುವುದಿಲ್ಲ. ಅದನ್ನು ನೋಡಲು ಹೋಗುವ ಕಾರುಗಳೆಲ್ಲ ನಮ್ಮ ಗುಂಡ್ಲುಪೇಟೆಯ ಮೇಲೇ ಹೋಗುತ್ತವೆ. ಆ ಹೆಪ್ಪಿಗೆ ಟೀ ಗಿಡದ ಚಿಗುರು ಸುಟ್ಟುಹೋಗುತ್ತದೆ ಎಂಬುದು ರೀಲ್ಸ್‌ನಲ್ಲಿ ಬರುವುದಿಲ್ಲ.

ಹಿಮ ಬೀಳುವ ಊರಿನ ಬಗ್ಗೆ ನನಗೆ ಗೊತ್ತಿರುವುದು ಒಬ್ಬರ ಬಾಯಿಂದ. ಅವರನ್ನು ನಮ್ಮ ಬೀದಿಯಲ್ಲಿ ಶಾಲ್ ಭಾಯ್ ಎನ್ನುತ್ತಾರೆ. ಪ್ರತಿ ವರ್ಷ ನವೆಂಬರಿನಲ್ಲಿ ಬೆನ್ನ ಮೇಲೆ ದೊಡ್ಡ ಗಂಟು ಹೊತ್ತುಕೊಂಡು ಚಾಮರಾಜನಗರಕ್ಕೆ ಬರುತ್ತಾರೆ. ಕಾಶ್ಮೀರದ ಕುಪ್ವಾರಾ ಜಿಲ್ಲೆಯ ಒಂದು ಹಳ್ಳಿ. ಅವರ ಕಡೆಯಿಂದ ಹೀಗೆ ಚಳಿಗಾಲಕ್ಕೆ ಶಾಲು ಮಾರಲು ಇಡೀ ದೇಶಕ್ಕೆ ಹೋಗುವವರಿದ್ದಾರೆ. ಭಾಯ್‌ಗೆ ಕನ್ನಡ ಬರುವುದು ನಾಲ್ಕೇ ಮಾತು: "ಅಕ್ಕಾ, ಒಳ್ಳೆ ಮಾಲು", "ಕಂತು", "ನಾಳೆ ಬರ್ತೀನಿ". ಉಳಿದದ್ದಕ್ಕೆಲ್ಲ ಉರ್ದು ಮಾತಾಡುವ ಮನೆಗಳೇ ಗತಿ. ಹಾಗಾಗಿ ಮಧ್ಯಾಹ್ನ ನಮ್ಮ ಜಗುಲಿಯಲ್ಲಿ ಗಂಟು ಇಳಿಸಿ ನೀರು ಕುಡಿಯುತ್ತಾರೆ. ಅವರ ಉರ್ದುವಿಗೂ ನಮ್ಮ ದಖನಿಗೂ ಅಜಗಜಾಂತರ. ಅಮ್ಮಿ "ನಕ್ಕೋ" ಎಂದರೆ ಮೊದಲ ವರ್ಷ ಅವರಿಗೆ ಅರ್ಥವೇ ಆಗಿರಲಿಲ್ಲ. ಬೇಡ ಎಂದು ಹೇಳಿದರೂ ಇನ್ನೊಂದು ಶಾಲು ಬಿಡಿಸಿ ತೋರಿಸುತ್ತಿದ್ದರು.

ನಾನು ಕಾಮರ್ಸ್ ಓದುತ್ತೇನೆ ಎಂದು ಗೊತ್ತಾದ ಮೇಲೆ ಅವರ ಖಾತಾ ಪುಸ್ತಕದ ಕೆಲಸ ನನ್ನ ಪಾಲಿಗೆ ಬಂತು. ಅವರು ಸಾಲದ ಮೇಲೆ ಕೊಡುತ್ತಾರೆ, ತಿಂಗಳಿಗೆ ಇಷ್ಟು ಎಂದು ವಸೂಲಿ ಮಾಡುತ್ತಾರೆ. ಪುಸ್ತಕ ಉರ್ದುವಿನಲ್ಲಿದೆ. ನಮ್ಮ ಊರಿನವರ ಹೆಸರುಗಳು ಅದರಲ್ಲಿ ಗುರುತೇ ಸಿಗದಂತೆ ಆಗಿವೆ. ಪುಟ್ಟತಾಯಮ್ಮನವರು "ಪುಟ್ಟಾ ತಾಯಿ ಅಮ್ಮಾ" ಎಂದು ಮೂರು ಜನ ಆಗಿದ್ದರು. ನಾನು ಪಕ್ಕದಲ್ಲಿ ಕನ್ನಡದಲ್ಲಿ ಹೆಸರು, ಬೀದಿ, ಬಾಕಿ ಬರೆದುಕೊಟ್ಟೆ. ಆ ಲೆಕ್ಕ ಬರೆಯುತ್ತಾ ಬರೆಯುತ್ತಾ ಅವರ ಊರಿನ ಚಳಿಗಾಲದ ಕಥೆ ಕೇಳಿದ್ದು.

ಡಿಸೆಂಬರ್ 21ರಿಂದ 40 ದಿನ ಅಲ್ಲಿ ಚಿಲ್ಲೈ ಕಲಾನ್. ಅತಿ ಕೊರೆಯುವ ಚಳಿ. ಆಮೇಲೆ 20 ದಿನದ ಚಿಲ್ಲೈ ಖುರ್ದ್, ಆಮೇಲೆ 10 ದಿನದ ಚಿಲ್ಲೈ ಬಚ್ಚಾ. ಚಳಿಯ ದೊಡ್ಡಣ್ಣ, ಚಿಕ್ಕಣ್ಣ, ಮಗು ಎಂದ ಹಾಗೆ. ನಲ್ಲಿಯಲ್ಲಿ ನೀರು ಗಡ್ಡೆ ಕಟ್ಟುತ್ತದೆ. ಬೇಸಿಗೆಯಲ್ಲೇ ಬದನೆ, ಸೋರೆ, ಟೊಮೇಟೊ ಹೆಚ್ಚಿ ದಾರಕ್ಕೆ ಪೋಣಿಸಿ ಒಣಗಿಸಿ ಇಟ್ಟುಕೊಂಡಿರುತ್ತಾರೆ, ರಸ್ತೆ ಮುಚ್ಚಿದ ದಿನ ಅದೇ ಸಾರು. ಉದ್ದನೆಯ ಫೆರನ್ ಒಳಗೆ ಕೆಂಡ ತುಂಬಿದ ಕಾಂಗ್ಡಿ ಇಟ್ಟುಕೊಂಡು ಕೂರುತ್ತಾರೆ. ಹೊರಗೆ ಮಣ್ಣಿನ ಕುಡಿಕೆಯ ಸುತ್ತ ಬೆತ್ತದ ಹೆಣಿಗೆ ಇರುತ್ತದೆ, ಮಕ್ಕಳಿಗೂ ಅದನ್ನು ಹಿಡಿಯಲು ಕಲಿಸುತ್ತಾರೆ. ಹಿಮ ಜೋರಾಗಿ ಬಿದ್ದಾಗ ಹೆರಿಗೆ ನೋವು ಬಂದರೆ ಹೆಂಗಸನ್ನು ಮಂಚದ ಮೇಲೆ ಮಲಗಿಸಿ ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ನಡೆಯುತ್ತಾರೆ. ಇದೆಲ್ಲ ಹೇಳುವಾಗ ಅವರ ಧ್ವನಿಯಲ್ಲಿ ದೂರು ಇರಲಿಲ್ಲ. ನಾವು ಬೇಸಿಗೆಯಲ್ಲಿ ಕರೆಂಟು ಹೋಗುವ ವಿಷಯ ಹೇಳುವ ಹಾಗೆ ಹೇಳುತ್ತಿದ್ದರು.

ಹಿಮ ಬೀಳದಿದ್ದರೇ ಅವರಿಗೆ ಭಯ. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನಲ್ಲಿ ತಿಂಗಳ ಕೊನೆಯವರೆಗೂ ಹಿಮವೇ ಇರಲಿಲ್ಲ, ಕಂದು ಹುಲ್ಲಿನ ಫೋಟೋಗಳು ಪೇಪರಿನಲ್ಲಿ ಬಂದಿದ್ದವು. ಪ್ರವಾಸಿಗರಿಗೆ ದುಡ್ಡು ದಂಡವಾಯಿತು ಎಂಬ ಬೇಸರ. ಭಾಯ್‌ಗೆ ಆಗ ಇಲ್ಲಿ ಕೂತೇ ಚಿಂತೆ. ಬೆಟ್ಟದಲ್ಲಿ ಹಿಮ ಕೂರದಿದ್ದರೆ ಬೇಸಿಗೆಯಲ್ಲಿ ಹಳ್ಳಕ್ಕೆ ನೀರೆಲ್ಲಿಂದ, ಭತ್ತಕ್ಕೆ, ಸೇಬಿನ ಗಿಡಕ್ಕೆ ನೀರೆಲ್ಲಿಂದ. ನಮ್ಮ ಕಡೆಯವರು ಜೂನ್‌ನಲ್ಲಿ ಮೋಡ ನೋಡುವ ಹಾಗೆ ಅವರು ಜನವರಿಯಲ್ಲಿ ನೋಡುತ್ತಾರೆ.

ಈಗ ರಜೆಯ ವಿಷಯ. ನಮಗೆ ಚಳಿಗಾಲದ ರಜೆ ಎಂಬುದಿಲ್ಲ. ದಸರೆಗೊಂದು ರಜೆ, ಬೇಸಿಗೆಗೊಂದು ರಜೆ, ಕ್ರಿಸ್‌ಮಸ್ಸಿಗೆ ಒಂದು ದಿನ. ಸೆಕೆಂಡ್ ಪಿಯು ಅಕ್ಕ, ಅಣ್ಣಂದಿರಿಗೆ ಜನವರಿಯಲ್ಲಿ ಪ್ರಿಪರೇಟರಿ ಇರುವುದರಿಂದ ಈ ಟೂರು ಫಸ್ಟ್ ಪಿಯು ನಮಗೆ ಮಾತ್ರ. ಕಾಶ್ಮೀರದಲ್ಲಿ ಮಾತ್ರ ಶಾಲೆಗಳಿಗೆ ನಿಜವಾದ ಚಳಿಗಾಲದ ರಜೆ, ಡಿಸೆಂಬರಿನಿಂದ ಫೆಬ್ರವರಿ ಕೊನೆಯವರೆಗೆ. ಶಾಲ್ ಭಾಯ್‌ಗೆ ಮೂರು ಮಕ್ಕಳು. ಮಕ್ಕಳಿಗೆ ರಜೆ ಶುರುವಾಗುವ ಮೊದಲೇ ಅಪ್ಪ ಗಂಟು ಕಟ್ಟಿ ಹೊರಟಿರುತ್ತಾರೆ. ವಸೂಲಿ ಮುಗಿಸಿ ಮಾರ್ಚ್‌ನಲ್ಲಿ ವಾಪಸ್ ಮುಟ್ಟುವಾಗ ಶಾಲೆ ತೆರೆದಿರುತ್ತದೆ. ಹಿರಿಯ ಮಗಳಿಗೆ ಈಗ 11 ವರ್ಷ. ಅವಳ ಒಂದು ರಜೆಯಲ್ಲೂ ತಾವು ಮನೆಯಲ್ಲಿ ಇದ್ದಿಲ್ಲ ಎಂದರು. ನಾನು ಬರೆಯುತ್ತಿದ್ದ ಕೈ ನಿಂತಿತು. ಅವರು "ಆಗೇ ಲಿಖೋ ಬೇಟಾ" ಎಂದು ಮುಂದಿನ ಹೆಸರು ಓದಿದರು.

ಇದು ಒಂದು ಕಡೆ ಇರಲಿ. ಇನ್ನೊಂದು ಕಾರಣ ನನ್ನ ನಾನಿಯ ಊರು. ಹಂಗಳ ದಾಟಿದ ಮೇಲೆ ಗೋಪಾಲಸ್ವಾಮಿ ಬೆಟ್ಟದ ತಪ್ಪಲಲ್ಲಿ ಒಂದು ಹಳ್ಳಿ, ನಮ್ಮವರ ಮನೆ ನಾಲ್ಕೈದು ಇರಬಹುದು. ನಾನು ವರ್ಷಕ್ಕೊಮ್ಮೆಯಾದರೂ ಡಿಸೆಂಬರಿನಲ್ಲಿ ಎರಡು ಮೂರು ದಿನ ಅಲ್ಲಿರುತ್ತೇನೆ. ನನ್ನ ಚಳಿಗಾಲದ ರಜೆ ಅಂದರೆ ಅದೇ. ಬೆಳಿಗ್ಗೆ ಎಂಟಾದರೂ ಎದುರು ಮನೆ ಕಾಣುವುದಿಲ್ಲ. ಹಿತ್ತಲ ಒಲೆಯಲ್ಲಿ ಹಂಡೆ ನೀರು ಕಾಯುತ್ತಿರುತ್ತದೆ, ವಜೂ ಮಾಡಲು ಆ ಬಿಸಿನೀರಿಗೆ ಎಲ್ಲರೂ ಜಗಳ. ಪಕ್ಕದ ಮನೆಯ ಅಜ್ಜಿ ಅವರೆಕಾಯಿ ಬುಟ್ಟಿ ತಂದು "ತಕ್ಕಳವ್ವ, ಸೊನೆ ಇರೋದು" ಎಂದು ಇಟ್ಟು ಹೋಗುತ್ತಾರೆ. ನಾವು ಸುಲಿಯುತ್ತಾ ಬೆರಳೆಲ್ಲ ಅಂಟು ಮಾಡಿಕೊಳ್ಳುತ್ತೇವೆ.

ಮಾಮು ಮಾತ್ರ ಆಗ ನಿದ್ದೆಯಲ್ಲಿರುತ್ತಾರೆ, ಇಲ್ಲವೇ ಕಣ್ಣು ಕೆಂಪಾಗಿ ಒಲೆ ಮುಂದೆ ಕೂತಿರುತ್ತಾರೆ. ರಾಗಿ ತೆನೆ ಬಲಿಯುವ ಕಾಲಕ್ಕೆ ಸರಿಯಾಗಿ ಆನೆ ಬರುತ್ತವೆ, ಅವರೆಗೆ ಹಂದಿ. ಕಂದಕ ಇದೆ, ಸೋಲಾರ್ ತಂತಿ ಇದೆ, ಕೆಲವು ಕಡೆ ರೈಲು ಕಂಬಿಯ ಬೇಲಿಯೂ ಇದೆ. ಆದರೂ ಹೊಲ ಕಾಯಲೇಬೇಕು. ಮರದ ಮೇಲೆ ಕಟ್ಟಿದ ಅಟ್ಟಣೆಯಲ್ಲಿ ಕಂಬಳಿ ಹೊದ್ದು, ಕೆಳಗೆ ಬೆಂಕಿ ಹಾಕಿ, ತಗಡಿನ ಡಬ್ಬ ಬಡಿಯುತ್ತಾ ರಾತ್ರಿಯೆಲ್ಲ ಕೂರುತ್ತಾರೆ. ಮಂಜು ದಟ್ಟವಾದ ರಾತ್ರಿ ಟಾರ್ಚ್ ಬಿಟ್ಟರೆ ಬೆಳಕು ಬಿಳಿ ಗೋಡೆಗೆ ಬಡಿದ ಹಾಗೆ ವಾಪಸ್ ಬರುತ್ತದಂತೆ. ಆನೆ ಹತ್ತು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ, ರಾಗಿ ಕೀಳುವ ಸದ್ದು ಮಾತ್ರ ಕೇಳುತ್ತದೆ. ನಾವು ಯಾವುದನ್ನು ಫೋಟೋ ತೆಗೆಯುತ್ತೇವೋ ಮಾಮು ಅದಕ್ಕೇ ಹೆದರುವುದು.

ಕಳೆದ ವರ್ಷ ಡಿಸೆಂಬರ್ 26ರ ಬೆಳಿಗ್ಗೆ ನಡೆದದ್ದನ್ನು ಹೇಳಬೇಕು. ಬೆಟ್ಟಕ್ಕೆ ಖಾಸಗಿ ವಾಹನ ಬಿಡುವುದಿಲ್ಲ, ಕೆಳಗೆ ನಿಲ್ಲಿಸಿ ಸರ್ಕಾರಿ ಬಸ್ಸಿನಲ್ಲಿ ಹೋಗಬೇಕು. ಬಸ್ಸು ಶುರುವಾಗುವ ಮೊದಲೇ ಬಂದವರು ಸುತ್ತಮುತ್ತ ಹಳ್ಳಿಗಳಲ್ಲಿ ಓಡಾಡುತ್ತಾರೆ. ಹಾಗೆ ಒಂದು ದೊಡ್ಡ ಕಾರು ನಮ್ಮ ಹಿತ್ತಲ ಬಳಿ ನಿಂತಿತು. ಎರಡು ಸಂಸಾರ, ಒಳ್ಳೆಯ ಜನವೇ. ನಾನಿ ಒಲೆ ಊದುವುದನ್ನು ನೋಡಿ ಖುಷಿಯಾಗಿ ವಿಡಿಯೋ ಮಾಡಿದರು. ಹೊಗೆ ಸರಿಯಾಗಿ ಬರಲಿಲ್ಲ ಎಂದು "ಅಜ್ಜಿ, ಇನ್ನೊಂದ್ಸಲ ಊದಿ" ಎಂದರು. ಆಗಷ್ಟೇ ಹೊಲದಿಂದ ಬಂದ ಮಾಮುವನ್ನು ಕಂಬಳಿ ಸಮೇತ ಬೇಲಿ ಪಕ್ಕ ನಿಲ್ಲಿಸಿದರು. ಆ ರಾತ್ರಿ ಮೂರು ಆನೆ ಬಂದು ಅವರೆ ಸಾಲನ್ನು ತುಳಿದು ಹೋಗಿದ್ದವು. ಪರಿಹಾರದ ಅರ್ಜಿಗೆ ಪಹಣಿ ಬೇಕು, ಜಮೀನು ಗುತ್ತಿಗೆಯದು. ಮಾಮು ಆ ಲೆಕ್ಕದಲ್ಲೇ ಬಂದಿದ್ದರು. ಆದರೂ ಫೋಟೋಗೆ ನಕ್ಕರು. ಆ ಗುಂಪಿನ ಒಂದು ಚಿಕ್ಕ ಹುಡುಗ ಮಾತ್ರ "ಅಂಕಲ್, ನೀವು ರಾತ್ರಿ ಎಲ್ಲಿ ಮಲಗ್ತೀರಾ?" ಎಂದು ಕೇಳಿದ. ಉತ್ತರ ಬರುವುದರೊಳಗೆ ಅವನನ್ನು ಕಾರಿಗೆ ಕರೆದರು.

ಹೋಗುವಾಗ ನಾನಿಯ ಕೈಗೆ 100 ರೂಪಾಯಿ ಇಟ್ಟರು. ನನಗೆ ಮೈ ಉರಿದುಹೋಯಿತು. ನಾನಿಗೆ ಏನೂ ಅನಿಸಲಿಲ್ಲ. "ಕಾಯ್ಕು ಗುಸ್ಸಾ?" ಎಂದು ನನ್ನನ್ನೇ ಕೇಳಿದರು. ಚಳಿಯಲ್ಲಿ ಬಂದವರು, ಮಕ್ಕಳು ಮರಿ, ಅದರಲ್ಲೇನು ತಪ್ಪು. ಅವರಿಗೆ ಬೇಸರವಾಗಿದ್ದು ಬೇರೆಯದಕ್ಕೆ. ಆರು ಲೋಟ ಚಹಾ ಮಾಡಿಕೊಟ್ಟಿದ್ದರು, ಅದರಲ್ಲಿ ಐದು ಅರ್ಧಕ್ಕೇ ಇಟ್ಟು ಹೋಗಿದ್ದರು.

ನೋಟಿಸ್ ಬೋರ್ಡಿನ ಹಾಳೆ ಓದಿದಾಗ ನನಗೆ ಆ ಲೋಟಗಳು ನೆನಪಾದವು. ಗುಲ್ಮಾರ್ಗ್‌ನಲ್ಲಿ ನಾನೂ ಅದನ್ನೇ ಮಾಡುತ್ತೇನೆ. ಬೇರೆ ಏನನ್ನಾದರೂ ಮಾಡಲು ಆ ಪ್ಯಾಕೇಜಿನಲ್ಲಿ ಸಮಯವೇ ಇಲ್ಲ. ಲೆಕ್ಕ ನೋಡಿ. 9 ದಿನ ಅಂದರೆ 216 ಗಂಟೆ. ಮೈಸೂರಿನಿಂದ ದೆಹಲಿ, ದೆಹಲಿಯಿಂದ ಕತ್ರಾ, ಮತ್ತೆ ವಾಪಸ್, ಇದರಲ್ಲೇ ಅರ್ಧಕ್ಕಿಂತ ಹೆಚ್ಚು ದಿನ ರೈಲಿನಲ್ಲಿ. ಕತ್ರಾದಿಂದ ಶ್ರೀನಗರಕ್ಕೆ 2025ರ ಜೂನ್‌ನಿಂದ ರೈಲು ಇದೆ, ಚೆನಾಬ್ ನದಿಯಿಂದ 359 ಮೀಟರ್ ಎತ್ತರದ ಸೇತುವೆ ಮೇಲೆ ಹೋಗುತ್ತದೆ. ಅದೊಂದನ್ನು ನೋಡಲು ನನಗೂ ಹೊಟ್ಟೆಕಿಚ್ಚೇ. ಗುಲ್ಮಾರ್ಗ್‌ಗೆ ಕೊಟ್ಟಿರುವುದು ಒಂದು ದಿನ. ಶ್ರೀನಗರದಿಂದ ಹೊರಟು 11ಕ್ಕೆ ಮುಟ್ಟಿ, 4ಕ್ಕೆ ವಾಪಸ್. ಹಿಮದ ಮೇಲೆ ನಾವಿರುವುದು 5 ಗಂಟೆ. 21,500ನ್ನು 5ರಿಂದ ಭಾಗಿಸಿದರೆ ಗಂಟೆಗೆ 4,300 ರೂಪಾಯಿ. ಬೂಟು, ಕೋಟಿನ ಬಾಡಿಗೆ, ಗೊಂಡೋಲಾ ಟಿಕೆಟ್ ಬೇರೆ. ಮರದ ಗಾಡಿಯಲ್ಲಿ ಕೂರಿಸಿ ಹಿಮದ ಮೇಲೆ ಎಳೆಯುವವರು ಇರುತ್ತಾರೆ, ಎಳೆಯುವುದು ಕುದುರೆಯಲ್ಲ, ಮನುಷ್ಯರು. ಕೆಳಗಿನ ತಂಗ್‌ಮಾರ್ಗ್ ಸುತ್ತಲ ಹಳ್ಳಿಗಳಿಂದ ದಿನಾ ಮೇಲೆ ಬರುವವರು. ಅವರಿಗೂ ಕೂಲಿ ಬೇಕು, ನಾವು ಹೋಗದಿದ್ದರೆ ಅವರಿಗೇ ನಷ್ಟ ಎಂದು ಶಾಲ್ ಭಾಯ್ ಕೂಡ ಹೇಳಿದರು. ಹಾಗಾಗಿ ಹೋಗುವುದೇ ಪಾಪ ಎಂದು ನಾನು ಹೇಳುತ್ತಿಲ್ಲ. ಪ್ರವಾಸಿಗರು ನಿಮ್ಮ ಹಳ್ಳಿಗೆ ಬರುತ್ತಾರಾ ಎಂದು ಕೇಳಿದಾಗ ಅವರು ಸ್ವಲ್ಪ ಯೋಚಿಸಿ, ಒಮ್ಮೆ ದಾರಿ ತಪ್ಪಿ ಬಂದಿದ್ದರು ಎಂದರು.

ಹುಡುಗಿಯರ ಮನೆಗಳಲ್ಲಿ ಬೇಡ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ, ಅದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ. ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದರು. ಅವರಲ್ಲಿ ನಮ್ಮ ಶಿವಮೊಗ್ಗದವರೂ ಇದ್ದರು, ಪ್ರವಾಸಿಗರನ್ನು ಕುದುರೆ ಮೇಲೆ ಕರೆದೊಯ್ಯುತ್ತಿದ್ದ ಅಲ್ಲಿಯ ಯುವಕನೂ ಇದ್ದ. ಅಬ್ಬು ಆ ಒಂದು ಮಾತಿಗೇ ಟೂರಿನ ವಿಷಯ ಮುಗಿಸಿದರು. ಅಬ್ಬುವಿನ ಭಯವನ್ನು ನಾನು ತಪ್ಪು ಎನ್ನುವುದಿಲ್ಲ. ಆದರೆ ಆ ಸುದ್ದಿ ಬಂದ ಮೇಲೆ ಅಮ್ಮಿಗೆ ಶಾಲ್ ಭಾಯ್ ಈ ವರ್ಷ ಬರುತ್ತಾರೋ ಇಲ್ಲವೋ ಎಂಬ ಚಿಂತೆ ಇತ್ತು. ಊರೂರು ತಿರುಗುವ ಅವರಂಥವರನ್ನು ಕೆಲವು ಕಡೆ ಜನ ಹೊಡೆದು ಓಡಿಸಿದ್ದನ್ನು ಮೊಬೈಲಿನಲ್ಲಿ ನೋಡಿದ್ದೆವು. ನವೆಂಬರಿನಲ್ಲಿ ಬಂದರು. ಗಂಟು ಮಾತ್ರ ಚಿಕ್ಕದಾಗಿತ್ತು.

ಹಾಗಾದರೆ ಏನು ಮಾಡೋಣ ಎಂದು ಕೇಳುವಿರಿ. ನಾನು ಕಲ್ಚರಲ್ ಕಮಿಟಿಗೆ ಬರೆದುಕೊಟ್ಟಿರುವುದು ಇಷ್ಟೇ. ಹಿಮವೇ ನೋಡಬೇಕು ಎಂದಿದ್ದರೆ ದೆಹಲಿ, ಆಗ್ರಾ ಎಲ್ಲ ಬಿಟ್ಟು, ಬೇಸಿಗೆ ರಜೆಯವರೆಗೆ ದುಡ್ಡು ಕೂಡಿಸಿ, ಎತ್ತರದ ಒಂದೇ ಹಳ್ಳಿಯಲ್ಲಿ ಮೂರು ನಾಲ್ಕು ರಾತ್ರಿ ಇರೋಣ. ಏಪ್ರಿಲ್‌ನಲ್ಲೂ ಗುಲ್ಮಾರ್ಗ್‌ನ ಮೇಲಿನ ಬೆಟ್ಟಗಳಲ್ಲಿ ಹಿಮ ಇರುತ್ತದೆ. ಮನೆಗಳಲ್ಲೇ ಉಳಿದುಕೊಳ್ಳುವ ವ್ಯವಸ್ಥೆ ಅಲ್ಲಿ ಈಗ ಇದೆ, ಭಾಷೆಯ ತೊಂದರೆ ನಮ್ಮಲ್ಲಿ ಅರ್ಧ ಜನಕ್ಕೆ ಇಲ್ಲ. ಈ ಡಿಸೆಂಬರಿಗೆ ಮಾತ್ರ, ನಮ್ಮದೇ ಜಿಲ್ಲೆಯ ಚಳಿಯಲ್ಲಿ ಮೂರು ರಾತ್ರಿ. ತಪ್ಪಲಿನ ಹಳ್ಳಿಯಲ್ಲಿ, ಹುಡುಗಿಯರು ಮನೆಗಳಲ್ಲಿ, ಹುಡುಗರು ಸಮುದಾಯ ಭವನದಲ್ಲಿ. ಊಟ ಕೊಡುವ ಮನೆಗೆ ದಿನಕ್ಕೆ ಇಷ್ಟು ಎಂದು ಕೈಗೇ ಕೊಡುವುದು. ಹಗಲು ರಾಗಿ ಮೆದೆ ಒಟ್ಟುವ ಕಡೆ, ಕಣದ ಕಡೆ ಕೈ ಜೋಡಿಸುವುದು. ರಾತ್ರಿ ಯಾರೂ ಹೊಲದ ಕಡೆ ಹೋಗುವಂತಿಲ್ಲ, ಅದು ಮಾಮುವಿನ ಷರತ್ತು, ಆನೆಗೆ ಪಿಯು ವಿದ್ಯಾರ್ಥಿ ಎಂದು ಗೊತ್ತಾಗುವುದಿಲ್ಲವಂತೆ. ಒಟ್ಟು ಖರ್ಚು ಬಸ್ಸು ಸೇರಿ ತಲೆಗೆ 1,400 ದಾಟುವುದಿಲ್ಲ. ವಿವರವಾದ ಪಟ್ಟಿ ನನ್ನ ಬಳಿ ಇದೆ, ಅಕೌಂಟೆನ್ಸಿ ಲೆಕ್ಚರರ್‌ಗೆ ತೋರಿಸಿ ಎರಡು ತಪ್ಪು ತಿದ್ದಿಸಿಕೊಂಡಿದ್ದೇನೆ.

"ಇದು ಟೂರಲ್ಲ ಕಣೇ, ಎನ್‌ಎಸ್‌ಎಸ್ ಕ್ಯಾಂಪು" ಎಂದು ನನ್ನ ಬೆಂಚಿನವಳೇ ನಕ್ಕಳು. ಅವಳ ಹೆಸರು ಆ ಹಾಳೆಯಲ್ಲಿ ಏಳನೆಯದು. ಅವಳ ವಾದಕ್ಕೂ ಬೆಲೆ ಇದೆ. ಪಿಯು ಮುಗಿದ ಮೇಲೆ ನಮ್ಮಲ್ಲಿ ಎಷ್ಟು ಹುಡುಗಿಯರಿಗೆ ಮೈಸೂರು ದಾಟಿ ಹೋಗುವ ಅವಕಾಶ ಸಿಗುತ್ತದೆ? ಸಿಕ್ಕಿದ ಒಂದು ಸಲವೂ ರಾಗಿ ಮೆದೆ ಒಟ್ಟಬೇಕಾ? ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರ ಇಲ್ಲ. 5 ಗಂಟೆ ಹಿಮವೂ ಹಿಮವೇ. ಅವಳು ಹೋಗಿ ಬರಲಿ. ಯಾರಾದರೂ ಚಹಾ ಕೊಟ್ಟರೆ ಪೂರ್ತಿ ಕುಡಿ ಎಂದು ಮಾತ್ರ ಹೇಳಿದ್ದೇನೆ, ಅಲ್ಲಿಯ ಚಹಾ ಉಪ್ಪಾಗಿರುತ್ತದೆ ಎಂದೂ ಹೇಳಿದ್ದೇನೆ.

ಈ ಜನವರಿಯ ಒಂದು ಮಧ್ಯಾಹ್ನ ಶಾಲ್ ಭಾಯ್ ನಮ್ಮ ಜಗುಲಿಯಲ್ಲಿ ಕೂತಿದ್ದಾಗ ಮಗಳ ವಿಡಿಯೋ ಕಾಲ್ ಬಂತು. ಅವಳ ಹಿಂದೆ ಕಿಟಕಿಯ ಹೊರಗೆ ಎಲ್ಲ ಬೆಳ್ಳಗೆ. ನಾನು ಅದನ್ನು ನೋಡಲು ಬಗ್ಗಿದರೆ ಅವಳು ನನ್ನ ಹಿಂದೆ ಏನನ್ನೋ ನೋಡುತ್ತಿದ್ದಳು. ತೆಂಗಿನ ಮರ ತೋರಿಸು ಎಂದಳು. ಪಕ್ಕದ ಮನೆಯ ಕಾಂಪೌಂಡಿಗೆ ಹೋಗಿ ಮೊಬೈಲನ್ನು ಮೇಲಕ್ಕೆತ್ತಿ ಹಿಡಿದೆ. ಅಷ್ಟು ಎತ್ತರದಿಂದ ಕಾಯಿ ಯಾರು ತೆಗೆಯುತ್ತಾರೆ ಎಂದು ಕೇಳಿದಳು. ಆಮೇಲೆ ಫೋನ್ ಅಪ್ಪನಿಗೆ ಕೊಡು ಎಂದು, ಯಾವಾಗ ಬರುತ್ತೀರಿ ಎಂದು ಕೇಳಿದಳು. ಬಾಕಿ ವಸೂಲಾದ ಕೂಡಲೇ ಎಂದು ಅವರು ಹೇಳಿದರು.

ಮಾರ್ಚ್‌ನಲ್ಲಿ ಅವರು ಹೊರಟಾಗ ನಮ್ಮ ಬೀದಿಯಲ್ಲಿ 6 ಮನೆಯ ಬಾಕಿ ಉಳಿದಿತ್ತು. ಪುಸ್ತಕದಲ್ಲಿ ಆ ಆರೂ ಹೆಸರನ್ನು ನಾನೇ ಬರೆದಿದ್ದೆ, ನಾಲ್ಕನೆಯದು ನಮ್ಮ ಮನೆ. ಈ ನವೆಂಬರಿನಲ್ಲಿ ಅಮ್ಮಿ 700 ಕೊಟ್ಟರು. ಇನ್ನು 500 ಕೊಡಬೇಕು.